ವಾಹನದಲ್ಲಿ ವಿದ್ಯುತ್ತಿನ ಹಂಚಿಕೆ

ರುದ್ರಪಟ್ಟಣದಂತಹ ಕಾವೇರಿ ತೀರದ ಊರುಗಳಲ್ಲಿ ಕಾಲುವೆಯ ನೀರು ತೂಬುಗಳ ಮೂಲಕ ಗದ್ದೆಗಳಿಗೆ ಹಂಚಿಹೋಗುತ್ತದೆ. ಜೀಪಿನ ಬ್ಯಾಟರಿಯಿಂದ ಹೆಚ್ಚುವರಿ ದೀಪ, ಫ್ಯಾನುಗಳಿಗೆ ವಿದ್ಯುತ್ತನ್ನು ಹಂಚಲು ನಾವೇ ಮಾಡಿಕೊಳ್ಳುವ ಪೆಟ್ಟಿಗೆಯೂ ಹಾಗೆಯೇ: ಒಳಕ್ಕೆ ಒಂದು ದಪ್ಪ ತಂತಿ, ಹೊರಕ್ಕೆ ಹಲವು ಕವಲುಗಳು.

ಲೆಕ್ಕ ಹಾಕಿ ನೋಡಿರಿ. 12 ವೋಲ್ಟಿನಲ್ಲಿ 60 ವಾಟಿನ ದೀಪವು 5 ಆಂಪಿಯರನ್ನೂ, 24 ವಾಟಿನ ಫ್ಯಾನು 2 ಆಂಪಿಯರನ್ನೂ ಸೆಳೆಯುತ್ತವೆ. ಮುಖ್ಯ ತಂತಿಯು ಒಟ್ಟು 7 ಆಂಪಿಯರನ್ನು ಹೊರಬೇಕು. ಪ್ರವಾಹವು ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ಉಷ್ಣವು ನಾಲ್ಮಡಿಯಾಗುವುದು. ಹೊದಿಕೆ ಸವೆದ ತಂತಿಯು ವಾಹನದ ಲೋಹದ ಮೈಗೆ ತಗುಲಿದರೆ ನೂರಾರು ಆಂಪಿಯರ್ ಹರಿದು ಬೆಂಕಿ ಹತ್ತಬಹುದು.

ಆದುದರಿಂದ ಪ್ರತಿಯೊಂದು ಕವಲಿಗೂ ಅದರ ತಂತಿಯು ತಾಳುವ ಮಿತಿಯ ಫ್ಯೂಸಿರಬೇಕು. ಮುಖ್ಯ ಫ್ಯೂಸು ಬ್ಯಾಟರಿಯ ಧನಾಗ್ರದ ಬಳಿಯಲ್ಲಿಯೇ ಇರಬೇಕು. ಅದನ್ನು ಪೆಟ್ಟಿಗೆಯೊಳಗಿಟ್ಟರೆ ನಡುವಣ ತಂತಿಗೆ ಕಾವಲಿಲ್ಲ. ಫ್ಯೂಸು ಕಾಯುವುದು ಮುಖ್ಯವಾಗಿ ತಂತಿಯನ್ನು, ದೀಪವನ್ನಲ್ಲ. ಸುಟ್ಟ ಫ್ಯೂಸಿನ ಸ್ಥಾನದಲ್ಲಿ ದಪ್ಪ ತಂತಿಯನ್ನು ಬಿಗಿಯುವುದೆಂದರೆ ಕಾವಲುಗಾರನನ್ನೇ ಅಟ್ಟಿದಂತೆ.