ಅರಿಯದ ಕೆಲಸದ ಮುಂದೆ ಸಬ್ರ್



ಸಬ್ರ್ ಎಂಬ ಪದವನ್ನು ನಾವು ಹೆಚ್ಚಾಗಿ ಸಾವಿನ ಮನೆಯಲ್ಲಿ ಅಥವಾ ರೋಗಿಯ ಹಾಸಿಗೆಯ ಬಳಿ ಬಳಸುತ್ತೇವೆ. ದುಡಿಮೆಯ ಜಾಗದಲ್ಲಿ ಅದು ನೆನಪಾಗುವುದು ಕಡಿಮೆ. ಆದರೆ ಕೈಗೆ ಒಗ್ಗದ ಕೆಲಸವೊಂದು ಎದುರಾದಾಗಲೇ ಮನುಷ್ಯನ ಸಹನೆ ಬಹು ಬೇಗ ಮುರಿಯುತ್ತದೆ. ನೇಕಾರನ ಮಗ ಸಕ್ಕರೆ ಕಾರ್ಖಾನೆಗೆ ಸೇರುತ್ತಾನೆ, ಹೊಲ ಕಳೆದುಕೊಂಡವನು ಪೇಟೆಯಲ್ಲಿ ಅಂಗಡಿ ಇಡುತ್ತಾನೆ, ಕಿತಾಬು ಓದಿದ ಹುಡುಗ ಕಂಪ್ಯೂಟರಿನ ಮುಂದೆ ಕೂರುತ್ತಾನೆ. “ಹಜ್ರತ್, ನಮಗ ಆ ಕೆಲಸ ಬರೂದಿಲ್ರಿ, ಬಿಟ್ಟು ಬಂದೇನ್ರಿ” ಎಂದು ನಮ್ಮ ಹುಡುಗರು ಹೇಳುವುದುಂಟು. ಎಷ್ಟು ದಿನ ಮಾಡಿದೆ ಎಂದು ಕೇಳಿದರೆ ನಾಲ್ಕು ದಿನ ಎಂಬ ಉತ್ತರ ಬರುತ್ತದೆ.

ಇಂಥವರನ್ನು ಬೈಯುವ ಮೊದಲು ಸೂರಃ ಅಲ್ ಕಹಫ್‌ನ ವೃತ್ತಾಂತವನ್ನು ನೆನಪಿಗೆ ತಂದುಕೊಳ್ಳಬೇಕು. ಹಝ್ರತ್ ಮೂಸಾ(ಅ)ರು ಜ್ಞಾನಾರ್ಜನೆಗಾಗಿ ಅಲ್ಲಾಹನ ಒಬ್ಬ ದಾಸರ ಜೊತೆ ಹೊರಡುತ್ತಾರೆ. ಅವರನ್ನು ಹದೀಸ್‌ಗಳಲ್ಲಿ ಖಿಝ್ರ್ ಎಂದು ಕರೆಯಲಾಗಿದೆ. ಅರಿವಿಗೆ ನಿಲುಕದ ವಿಷಯದಲ್ಲಿ ತಾಳ್ಮೆ ವಹಿಸಲು ನಿಮ್ಮಿಂದಾಗದು ಎಂದು ಅವರು ಮೊದಲೇ ಎಚ್ಚರಿಸುತ್ತಾರೆ. ಹಾಗೆಯೇ ಆಯಿತು. ದೋಣಿಯನ್ನು ಕೆಡಿಸಿದಾಗ, ಬಾಲಕನ ಜೀವ ತೆಗೆದಾಗ, ಗೋಡೆಯನ್ನು ನಿಲ್ಲಿಸಿದಾಗ, ಹೀಗೆ ಮೂರು ಸಲವೂ ಮೂಸಾ(ಅ)ರು ಸುಮ್ಮನಿರಲಾಗದೆ ಮಾತಾಡಿದರು. ಸಹನೆಯ ಕೊರತೆಗೆ ಇಲ್ಲಿ ಕಾರಣ ಹೇಡಿತನವೂ ಸೋಮಾರಿತನವೂ ಆಗಿರಲಿಲ್ಲ, ತಿಳಿವಳಿಕೆಯ ಕೊರತೆ. ಒಬ್ಬ ಪ್ರವಾದಿಗೇ ಕಷ್ಟವೆನಿಸಿದ್ದು ಇಪ್ಪತ್ತು ವರ್ಷದ ಹುಡುಗನಿಗೆ ಕಷ್ಟವಾದರೆ ನಾಚಿಕೆಪಡುವಂಥದ್ದೇನಿಲ್ಲ. ಆದರೆ ರೋಗದ ಮೂಲ ಗೊತ್ತಾದ ಮೇಲೆ ಮದ್ದನ್ನೂ ಅಲ್ಲಿಯೇ ಹುಡುಕಬೇಕು. ಹಲ್ಲು ಕಚ್ಚಿ ಕೂರುವುದರಿಂದ ಬರುವ ಸಬ್ರ್ ಹೆಚ್ಚು ದಿನ ಬಾಳುವುದಿಲ್ಲ. ಕೆಲಸವನ್ನು ತಿಳಿಯುತ್ತ ಹೋದಂತೆ ಮನಸ್ಸು ತಾನಾಗಿ ತಣ್ಣಗಾಗುತ್ತದೆ.

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಕೈಮಗ್ಗದಲ್ಲಿ ನೇಕಾರನ ಕಾಲು ತುಳಿದಷ್ಟೇ ವೇಗ, ಅವನ ಕೈ ನಿಂತರೆ ಲಾಳಿಯೂ ನಿಲ್ಲುತ್ತಿತ್ತು. ವಿದ್ಯುತ್ ಮಗ್ಗ ಬಂದಾಗ ವೇಗ ಯಂತ್ರದ್ದಾಯಿತು, ಮನುಷ್ಯ ಅದಕ್ಕೆ ಹೊಂದಿಕೊಳ್ಳಬೇಕಾಯಿತು. ನೇಯ್ಗೆ ಬಲ್ಲವನಿಗೂ ಅದು ಹೊಸ ಕೆಲಸವೇ. ಹಾಸಿನ ಎಳೆಯೊಂದು ಹರಿದಾಗ ಹೊಸಬನನ್ನೂ ಹಳಬನನ್ನೂ ಗಮನಿಸಿರಿ. ಹೊಸಬ ಗಾಬರಿಯಿಂದ ಓಡುವ ಮಗ್ಗಕ್ಕೇ ಕೈ ಹಾಕಲು ಹೋಗುತ್ತಾನೆ, ಅಥವಾ ಬೈಸಿಕೊಳ್ಳುವ ಭಯಕ್ಕೆ ಕಂಡರೂ ಕಾಣದಂತೆ ಇರುತ್ತಾನೆ. ಸೀರೆಯ ಉದ್ದಕ್ಕೂ ಗೆರೆ ಬೀಳುತ್ತ ಹೋಗುತ್ತದೆ. ಹಳಬ ಮೊದಲು ಮಗ್ಗ ನಿಲ್ಲಿಸುತ್ತಾನೆ. ಹರಿದ ತುದಿ ಹುಡುಕಿ, ಗಂಟು ಹಾಕಿ, ಹಣಿಗೆಯ ಸಂದಿನಲ್ಲಿ ಪೋಣಿಸಿ, ಮತ್ತೆ ಚಾಲೂ ಮಾಡುತ್ತಾನೆ. ಸಮಾಧಿಯ ಬಳಿ ಅಳುತ್ತಿದ್ದ ಮಹಿಳೆಗೆ ಪ್ರವಾದಿವರ್ಯರು(ಸ), ನಿಜವಾದ ಸಬ್ರ್ ಆಘಾತದ ಮೊದಲ ಕ್ಷಣದ್ದು ಎಂಬರ್ಥದಲ್ಲಿ ತಿಳಿಸಿದ್ದಾರೆ. ಎಳೆ ಹರಿದ ಆ ಮೊದಲ ಕ್ಷಣದಲ್ಲಿ ಕೈ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿಯೇ ಎಲ್ಲ ಇದೆ.

ಇನ್ನು ಜಮಖಂಡಿಯ ಕಡೆ ಬನ್ನಿರಿ. ಬೇಸಿಗೆಯಲ್ಲಿ ಕೃಷ್ಣೆ ಬತ್ತಿ ಬೆಳೆ ಒಣಗುವುದನ್ನು ನೋಡಿ ಬೇಸತ್ತ ನದೀತೀರದ ರೈತರು ಚಿಕ್ಕಪಡಸಲಗಿಯಲ್ಲಿ ತಾವೇ ಹಣ ಕೂಡಿಸಿ, ತಾವೇ ಮೈಮುರಿದು ದುಡಿದು ಬ್ಯಾರೇಜು ಕಟ್ಟಿದರು. 1989ರಲ್ಲಿ ಅದು ಪೂರ್ಣಗೊಂಡಿತು. ಮುಂದಾಳತ್ವ ವಹಿಸಿದವರು ಸಿದ್ದು ನ್ಯಾಮಗೌಡರು. 1991ರಲ್ಲಿ ಅವರು ಬಾಗಲಕೋಟೆಯಿಂದ ಲೋಕಸಭೆಗೆ ಆರಿಸಿ ಬಂದರು, 2018ರಲ್ಲಿ ತೀರಿಕೊಂಡರು. ಅವರ ರಾಜಕೀಯ ನಮ್ಮ ವಿಷಯವಲ್ಲ. ಜೋಳ, ಕಬ್ಬು ಬೆಳೆದು ಗೊತ್ತಿದ್ದ ಕೈಗಳು ತುಂಬು ನದಿಗೆ ಅಡ್ಡ ನಿಲ್ಲುವ ಕೆಲಸಕ್ಕೆ ಇಳಿದುವಲ್ಲ, ಅದು ನೋಡತಕ್ಕ ವಿಷಯ. ಇಂಥ ಕೆಲಸದಲ್ಲಿ ಆತುರ ನಡೆಯದು. ಹೊಳೆ ಇಳಿದಾಗ ಕಟ್ಟಬೇಕು, ಹೊಳೆ ಬಂದಾಗ ಕಾಯಬೇಕು. ಕಾಯುವ ದಿನಗಳಲ್ಲಿ ಕೈಬಿಡದಿರುವುದೂ ದುಡಿಮೆಯೇ.

ಬೀಳಗಿಯವರ ಕಥೆ ಬೇರೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಆ ಭಾಗದ ಎಷ್ಟೋ ಹಳ್ಳಿಗಳನ್ನೂ ಎರೆಭೂಮಿಯನ್ನೂ ನುಂಗಿತು. ಒಕ್ಕಲುತನ ಬಿಟ್ಟು ಬೇರೇನೂ ಅರಿಯದವರು ಪುನರ್ವಸತಿ ಕೇಂದ್ರಗಳಲ್ಲಿ ಹೊಸ ಬದುಕು ಹುಡುಕಬೇಕಾಯಿತು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ನದಿಗಳು ಉಕ್ಕಿದಾಗ ಜಮಖಂಡಿ, ಮುಧೋಳ ಭಾಗದವರೂ ಮನೆ ಬಿಟ್ಟು ಓಡಬೇಕಾಯಿತು. ಇಂಥವರಿಗೆ ದಡದಲ್ಲಿ ನಿಂತು ಸಬ್ರ್ ಮಾಡಿರಿ ಎಂದು ಉಪದೇಶಿಸುವುದು ಸುಲಭ. ನ್ಯಾಯವಾದ ಪರಿಹಾರ ಕೇಳುವುದು, ಕಚೇರಿಗೆ ಅಲೆಯುವುದು, ದನಿ ಎತ್ತುವುದು ಸಬ್ರಿಗೆ ವಿರುದ್ಧವೆಂದು ಯಾರಾದರೂ ಹೇಳಿದರೆ ಅವರಿಗೆ ಆ ಪದದ ಅರ್ಥ ತಿಳಿದಿಲ್ಲವೆಂದೇ ಹೇಳಬೇಕು. ಕೈಕಾಲಿಗೆ ಅಪಾಯವಿರುವ ಯಂತ್ರದ ಮುಂದೆ ರಕ್ಷಣೆಯಿಲ್ಲದೆ ನಿಲ್ಲಿಸಿದಾಗಲೂ ಅಷ್ಟೇ. ಬಾಯಿಮುಚ್ಚಿ ಸಹಿಸುವುದು ಅಲ್ಲಿ ಗುಣವಲ್ಲ.

ಊರು ಬಿಟ್ಟವರಿಗೆ ಮೂಸಾ(ಅ)ರ ಇನ್ನೊಂದು ಪ್ರಸಂಗ ಹತ್ತಿರವಾಗಬಹುದು. ಅರಮನೆಯಲ್ಲಿ ಬೆಳೆದವರು ಜೀವಭಯದಿಂದ ಮದ್‌ಯನ್‌ಗೆ ಬಂದರು. ಕೈಯಲ್ಲಿ ಏನೂ ಇರಲಿಲ್ಲ. ಅಲ್ಲಿ ಮೊದಲು ಮಾಡಿದ್ದು ಎದುರಿಗಿದ್ದ ಕೆಲಸ, ಇಬ್ಬರು ಹೆಣ್ಣುಮಕ್ಕಳ ಕುರಿಗಳಿಗೆ ನೀರು ಕುಡಿಸಿದರು. ಅನಂತರ ನೆರಳಿಗೆ ಹೋಗಿ ದುಆ ಮಾಡಿದರು. ಬಳಿಕ ದುಡಿಮೆಯ ಕರಾರಾಯಿತು: ಎಂಟು ವರ್ಷ, ಇಷ್ಟವಿದ್ದರೆ ಹತ್ತು. ಅವಧಿ ಮೊದಲೇ ನಿಶ್ಚಯವಾದುದನ್ನು ಗಮನಿಸಿರಿ. ಹೊಸ ಕೆಲಸಕ್ಕೆ ಹೋಗುವವನು ಕನಿಷ್ಠ ಮೂರು ತಿಂಗಳು ಎಂದು ತನ್ನೊಳಗೆ ಕರಾರು ಮಾಡಿಕೊಂಡರೆ ನಾಲ್ಕನೆಯ ದಿನದ ಸಂಕಟಕ್ಕೆ ಅಷ್ಟು ಬೆಲೆ ಬರುವುದಿಲ್ಲ.

ಕಡೆಯದಾಗಿ ಮಗ್ಗದ ಮಾಲಕರಿಗೂ ಹಳೆಯ ಕೆಲಸಗಾರರಿಗೂ ಒಂದು ಮಾತು. ಖಿಝ್ರ್‌ರವರು ಎಲ್ಲವನ್ನೂ ಬೀಳ್ಕೊಡುವಾಗ ವಿವರಿಸಿದರು. ಅವರಿಗೆ ಹಾಗೆ ಆಜ್ಞೆಯಿತ್ತು, ನಿಮಗೆ ಇಲ್ಲ. ಹೊಸ ಹುಡುಗ ಬಂದ ಮೊದಲ ದಿನವೇ ಅವನ ಪಕ್ಕ ನಿಂತು, ಉಳಿದದ್ದಕ್ಕಿಂತ ಮುಂಚೆ, ಮಗ್ಗ ನಿಲ್ಲಿಸುವುದು ಹೇಗೆಂದು ತೋರಿಸಿಕೊಡಿರಿ.