ತುಟಿಯ ಗುಳ್ಳೆ, ವೈರಸ್ಸಿನ ಹೆಪ್ಪು

ಪ್ರಶ್ನೆ: ಬಿ.ಎಸ್‌ಸಿ. ಓದುತ್ತಿದ್ದೇನೆ. ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಕೆಳತುಟಿಯ ಅಂಚಿನಲ್ಲಿ ನೀರುಗುಳ್ಳೆ ಏಳುತ್ತವೆ. ಅಜ್ಜಿ ‘ಹಲ್ಲಿ ಉಚ್ಚೆ ಹೊಯ್ದದ್ದು’ ಅನ್ನುತ್ತಾರೆ. ಡಾಕ್ಟರು ಹರ್ಪಿಸ್ ಎಂದು ಹೇಳಿ ಅಸೈಕ್ಲೊವಿರ್ ಮಾತ್ರೆ ಬರೆದುಕೊಟ್ಟರು. ಗುಳ್ಳೆ ಒಡೆದ ಮೇಲೆ ನುಂಗಿದೆ, ಗುಣ ಕಾಣಲಿಲ್ಲ. ಇನ್ನೊಂದು ಸಂದೇಹ: ವೈರಸ್ಸಿನ ರಚನಾ ಪ್ರೋಟೀನುಗಳು ಅದರ ಡಿಎನ್‌ಎ ಕಾಪಾಡುವ ಹೊದಿಕೆ ಎಂದಷ್ಟೇ ನಮ್ಮ ಪಾಠದಲ್ಲಿದೆ. ಹಾಗಿದ್ದರೆ ಜೀವಕೋಶದ ಒಳಗೆ ಸೋಂಕನ್ನು ಶುರು ಮಾಡುವುದು ಯಾವುದು?
—ವಿದ್ಯಾರ್ಥಿನಿ, ಧಾರವಾಡ

ಉತ್ತರ: ಹಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ಇದು ಹರ್ಪಿಸ್ ಸಿಂಪ್ಲೆಕ್ಸ್ ಒಂದನೇ ಬಗೆಯ ವೈರಸ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 50 ವರ್ಷದೊಳಗಿನ ಸುಮಾರು 380 ಕೋಟಿ ಜನರ ಮೈಯಲ್ಲಿ ಇದಿದೆ. ನಾಚಿಕೊಳ್ಳುವ ಕಾರಣ ಏನೂ ಇಲ್ಲ. ಬಹುತೇಕರಿಗೆ ಇದು ಚಿಕ್ಕಂದಿನಲ್ಲೇ ಮನೆಯವರ ಎಂಜಲಿನಿಂದ, ಮುತ್ತಿನಿಂದ ಅಂಟಿರುತ್ತದೆ.

ನಿಮ್ಮ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ. ರಚನಾ ಪ್ರೋಟೀನು ಬರಿಯ ಹೊದಿಕೆಯಲ್ಲ. ಕೋಶದೊಳಗಿನ ಮೊದಲ ಕೆಲಸ ಮಾಡುವುದೂ ಅದೇ.

ಈ ವೈರಸ್ಸಿಗೆ ಹೊರಗೊಂದು ಕೊಬ್ಬಿನ ಪೊರೆ, ನಡುವೆ ಕ್ಯಾಪ್ಸಿಡ್ ಎಂಬ ಗಟ್ಟಿ ಕವಚ, ಕವಚದೊಳಗೆ ಡಿಎನ್‌ಎ. ಪೊರೆಗೂ ಕವಚಕ್ಕೂ ನಡುವಿನ ಜಾಗ ಖಾಲಿ ಇಲ್ಲ. ಟೆಗ್ಯುಮೆಂಟ್ ಎನ್ನುವ ಈ ಪದರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಗೆಯ ಪ್ರೋಟೀನುಗಳು ಒತ್ತಾಗಿ ತುಂಬಿರುತ್ತವೆ. ಪಾಠಗಳಲ್ಲಿ ಈ ಪದರಕ್ಕೆ ಒಂದು ಸಾಲೂ ಸಿಗದಿರುವುದು ನನಗೆ ಬೇಸರದ ಸಂಗತಿ. ನಿಮ್ಮ ತುಟಿಯ ಕಥೆ ಅಲ್ಲಿಂದಲೇ ಮೊದಲಾಗುತ್ತದೆ.

ಪೊರೆಯ ಮೇಲಿನ ಜಿಡಿ ಎಂಬ ಪ್ರೋಟೀನು ನಮ್ಮ ಕೋಶದ ನೆಕ್ಟಿನ್-1ಕ್ಕೆ ಅಂಟುತ್ತದೆ, ಜಿಬಿ ಎಂಬುದು ಎರಡೂ ಪೊರೆಗಳನ್ನು ಒಂದಾಗಿಸುತ್ತದೆ. ಆಗ ಟೆಗ್ಯುಮೆಂಟ್ ಪ್ರೋಟೀನುಗಳು ಕೋಶದೊಳಕ್ಕೆ ಬಂದು ಬೀಳುತ್ತವೆ. ಕೆಲವು ಕವಚಕ್ಕೇ ಅಂಟಿಕೊಂಡು, ಕೋಶದ ಸ್ವಂತ ಸಾಗಣೆ ಪ್ರೋಟೀನಾದ ಡೈನೀನನ್ನು ಹಿಡಿದು, ಕವಚವನ್ನು ಕೋಶಕೇಂದ್ರದ ರಂಧ್ರದವರೆಗೆ ಒಯ್ಯುತ್ತವೆ. ಡಿಎನ್‌ಎ ಆ ರಂಧ್ರದ ಮೂಲಕ ಒಳಗೆ ನುಗ್ಗುತ್ತದೆ, ಖಾಲಿ ಕವಚ ಹೊರಗೇ ಉಳಿಯುತ್ತದೆ. ವಿಎಚ್‌ಎಸ್ ಎಂಬ ಇನ್ನೊಂದು ಪ್ರೋಟೀನು ಇತ್ತ ನಮ್ಮ ಕೋಶದ ಆರ್‌ಎನ್‌ಎ ಸಂದೇಶಗಳನ್ನು ಕತ್ತರಿಸುತ್ತಾ ಹೋಗುತ್ತದೆ. ಹಾಗಾಗಿ ಕೋಶ ತನ್ನ ರಕ್ಷಣೆಗೆ ಬೇಕಾದ ಪ್ರೋಟೀನುಗಳನ್ನು ತಯಾರಿಸಿಕೊಳ್ಳಲು ತಡವರಿಸುತ್ತದೆ.

ಡಿಎನ್‌ಎ ಒಳಗೆ ಹೋದರೂ ಅದನ್ನು ಓದುವವರು ಬೇಕಲ್ಲ. ವಿಪಿ16 ಎಂಬ ಪ್ರೋಟೀನಿನ ಕೆಲಸ ಇಲ್ಲಿದೆ. ಪ್ರತಿ ವೈರಸ್ ಕಣದಲ್ಲೂ ಇದರ ನೂರಾರು ಪ್ರತಿಗಳಿರುತ್ತವೆ. ಒಳಗೆ ಬಿದ್ದೊಡನೆ ಅದು ನಮ್ಮದೇ ಎಚ್‌ಸಿಎಫ್-1 ಪ್ರೋಟೀನಿನ ಕೈಹಿಡಿದು ಕೋಶಕೇಂದ್ರ ಸೇರುತ್ತದೆ. ಅಲ್ಲಿ ನಮ್ಮದೇ ಆಕ್ಟ್-1 ಪ್ರೋಟೀನಿನ ಜೊತೆಗೂಡಿ ವೈರಸ್ ಡಿಎನ್‌ಎಯ ಗೊತ್ತಾದ ತಾಣಗಳ ಮೇಲೆ ಕೂತು, ಜೀನ್ ಓದುವ ನಮ್ಮ ಕಿಣ್ವವನ್ನು ಅಲ್ಲಿಗೆ ಕರೆತರುತ್ತದೆ. ಮೊದಲ ಕೆಲವೇ ಗಂಟೆಗಳಲ್ಲಿ ವೈರಸ್ಸಿನ ಐದು ‘ತಕ್ಷಣದ’ ಜೀನ್‌ಗಳು ಕೆಲಸಕ್ಕಿಳಿಯುತ್ತವೆ. ಅವುಗಳ ಬೆನ್ನಿಗೆ ಡಿಎನ್‌ಎ ನಕಲು ಮಾಡುವ ಕಿಣ್ವಗಳ ಜೀನ್‌ಗಳು ಎಚ್ಚರಗೊಳ್ಳುತ್ತವೆ. ಕೊನೆಯ ಸರದಿ ಹೊದಿಕೆಯ ಪ್ರೋಟೀನುಗಳದು, ವಿಪಿ16 ಕೂಡ ಆಗಲೇ ತಯಾರಾಗುವುದು. ಹಿಂದಿನ ಕೋಶದಲ್ಲಿ ಕೊನೆಗೆ ತಯಾರಾದದ್ದು ಮುಂದಿನ ಕೋಶದಲ್ಲಿ ಮೊದಲು ಕೆಲಸ ಮಾಡುತ್ತದೆ: ನಿನ್ನೆಯ ಮೊಸರಿನಿಂದ ಎತ್ತಿಟ್ಟ ಹೆಪ್ಪು ಇಂದಿನ ಹಾಲಿಗೆ ಬಿದ್ದಂತೆ.

ಪರೀಕ್ಷೆಗೂ ಗುಳ್ಳೆಗೂ ಇರುವ ನಂಟು ಇದರಿಂದಲೇ ತಿಳಿಯುತ್ತದೆ. ತುಟಿಯಿಂದ ವೈರಸ್ ನರತಂತುವಿನೊಳಗೆ ಬಹುದೂರ ಸಾಗಿ, ಕಿವಿಯ ಮುಂಭಾಗದ ಆಳದಲ್ಲಿ, ತಲೆಬುರುಡೆಯ ಬುಡದಲ್ಲಿರುವ ನರಗಂಟನ್ನು ಸೇರುತ್ತದೆ. ಆ ದೂರದ ಹಾದಿಯಲ್ಲಿ ವಿಪಿ16 ಹಿಂದೆ ಬೀಳುತ್ತದೆ; ಸಾಲದ್ದಕ್ಕೆ ನರಕೋಶಗಳಲ್ಲಿ ಎಚ್‌ಸಿಎಫ್-1 ಸಾಮಾನ್ಯವಾಗಿ ಕೋಶಕೇಂದ್ರದ ಹೊರಗೇ ಇರುತ್ತದೆ. ಡಿಎನ್‌ಎ ತಲುಪಿದರೂ ಓದಿಸುವವರಿಲ್ಲದೆ ಅದು ಮಲಗಿಬಿಡುತ್ತದೆ ಎಂಬುದು ಈ ಸುಪ್ತಾವಸ್ಥೆಗೆ ವಿಜ್ಞಾನಿಗಳು ಕೊಡುವ ಮುಖ್ಯ ವಿವರಣೆಗಳಲ್ಲೊಂದು. ಜ್ವರ, ಉರಿಬಿಸಿಲು, ಮುಟ್ಟಿನ ದಿನಗಳು, ನಿದ್ದೆಗೆಟ್ಟ ಓದು, ಇವು ಅದನ್ನು ಎಬ್ಬಿಸುತ್ತವೆ.

ಇನ್ನು ಮಾತ್ರೆ. ಅಸೈಕ್ಲೊವಿರ್ ವಿಪಿ16 ಅನ್ನು ಮುಟ್ಟುವುದೇ ಇಲ್ಲ. ವೈರಸ್ಸಿನದೇ ಒಂದು ಕಿಣ್ವ ಅದನ್ನು ಚುರುಕುಗೊಳಿಸಿದ ಮೇಲಷ್ಟೇ ಅದು ಡಿಎನ್‌ಎ ನಕಲನ್ನು ತಡೆಯುತ್ತದೆ. ಸೋಂಕಿಲ್ಲದ ಕೋಶಗಳಿಗೆ ಅದರಿಂದ ತೊಂದರೆ ಕಡಿಮೆ ಇರುವುದಕ್ಕೆ ಇದೇ ಕಾರಣ. ಈ ಔಷಧ ರೂಪುಗೊಂಡ ಸಂಶೋಧನೆಯ ಮುಂದಾಳು ಗರ್ಟ್ರೂಡ್ ಎಲಿಯನ್ 1988ರ ನೊಬೆಲ್ ಹಂಚಿಕೊಂಡರು. ಆದರೆ ಗುಳ್ಳೆ ಒಡೆಯುವ ಹೊತ್ತಿಗೆ ನಕಲಿನ ಬಹುಪಾಲು ಮುಗಿದಿರುತ್ತದೆ. ತಡೆಯಲು ಹೆಚ್ಚೇನೂ ಉಳಿದಿರುವುದಿಲ್ಲ. ಮಲಗಿರುವ ವೈರಸ್ ನಕಲು ಮಾಡುತ್ತಲೇ ಇಲ್ಲವಾದ್ದರಿಂದ ಅದನ್ನು ಬೇರುಸಹಿತ ಕೀಳುವುದೂ ಈ ಮಾತ್ರೆಯಿಂದ ಆಗದು. ತುಟಿ ಜುಮುಜುಮು ಎಂದು ಉರಿಯತೊಡಗಿದ ಗಳಿಗೆಯಲ್ಲೇ ನುಂಗಬೇಕು. ಮಾತ್ರೆ ಮೊದಲೇ ಮನೆಯಲ್ಲಿರುವಂತೆ ನಿಮ್ಮ ಡಾಕ್ಟರಿಂದ ಬರೆಸಿಕೊಂಡು, ಪ್ರಮಾಣವನ್ನೂ ಕೇಳಿಟ್ಟುಕೊಳ್ಳಿ. ವರ್ಷಕ್ಕೆ ಹಲವು ಸಲ ಬರುತ್ತಿದ್ದರೆ ದಿನವೂ ಮಾತ್ರೆ ತೆಗೆದುಕೊಳ್ಳುವ ಕ್ರಮವೂ ಇದೆ.

ಪ್ರಶ್ನೆ: ಮಗಳ ಬಾಣಂತನಕ್ಕೆ ಬಂದಿದ್ದೇನೆ. ನನ್ನ ತುಟಿಯ ಮೇಲೆ ಇಂಥದೇ ಗುಳ್ಳೆ ಎದ್ದಿದೆ. ಮೊಮ್ಮಗುವಿಗೆ ಹತ್ತು ದಿನ. ಎತ್ತಿಕೊಳ್ಳಬಹುದೇ? ಮೆಡಿಕಲ್ ಶಾಪಿನವರು ಕೊಟ್ಟ ಸ್ಟೀರಾಯ್ಡ್ ಮುಲಾಮು ಹಚ್ಚಬಹುದೇ?
—ಗೃಹಿಣಿ, ಹಾಸನ

ಉತ್ತರ: ಎತ್ತಿಕೊಳ್ಳಿ ಅಮ್ಮಾ, ಆದರೆ ಹುರುಪೆ ಪೂರ್ತಿ ಉದುರುವವರೆಗೆ ಮುತ್ತು ಕೊಡಬೇಡಿ. ಸೋಪು ಹಾಕಿ ಕೈ ತೊಳೆದು, ಬಾಯಿಗೆ ಮಾಸ್ಕ್ ಹಾಕಿ ಎತ್ತಿಕೊಳ್ಳಿ. ದೊಡ್ಡವರಲ್ಲಿ ತುಟಿಗೆ ನಿಲ್ಲುವ ಈ ವೈರಸ್ ಎಳೆಗೂಸಿನಲ್ಲಿ ಮಿದುಳು, ಯಕೃತ್ತಿಗೆ ಇಳಿದು ಜೀವಕ್ಕೇ ಎರವಾಗಬಲ್ಲದು. ಮಗುವಿಗೆ ಜ್ವರ ಬಂದರೆ, ಹಾಲು ಕುಡಿಯದೆ ಮಂಕಾದರೆ, ಮೈಮೇಲೆ ನೀರುಗುಳ್ಳೆ ಕಂಡರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಒಯ್ಯಿರಿ, ನಿಮ್ಮ ಗುಳ್ಳೆಯ ವಿಷಯವನ್ನೂ ಅಲ್ಲಿ ಮರೆಯದೆ ಹೇಳಿ. ಆಗ ಅಸೈಕ್ಲೊವಿರ್ ಅನ್ನು ರಕ್ತನಾಳಕ್ಕೇ ಕೊಡಬೇಕಾಗುತ್ತದೆ, ಇಲ್ಲೂ ತಡವಾದಷ್ಟು ನಷ್ಟ.

ಸ್ಟೀರಾಯ್ಡ್ ಮುಲಾಮು ಬೇಡ. ಅದು ಆ ಜಾಗದ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿ ವೈರಸ್ಸಿಗೆ ದಾರಿ ಮಾಡಿಕೊಡುತ್ತದೆ. ಗುಳ್ಳೆ ಮುಟ್ಟಿದ ಕೈಯಿಂದ ಕಣ್ಣು ಉಜ್ಜಿಕೊಳ್ಳಬೇಡಿ. ಕಣ್ಣು ಕೆಂಪಾಗಿ ನೋವು ಬಂದರೆ, ಬೆಳಕು ಸಹಿಸಲಾಗದಿದ್ದರೆ, ಮನೆಯಲ್ಲಿರುವ ಹಳೆಯ ಡ್ರಾಪ್ಸ್ ಹಾಕದೆ ಅಂದೇ ಕಣ್ಣಿನ ಡಾಕ್ಟರನ್ನು ಕಾಣಿರಿ.