ಹೆರಿಗೆಯ ಜೊತೆಗಾತಿ: ಅವಳ ಹೊಣೆ ಏನು, ಅವಳ ಮಿತಿ ಎಲ್ಲಿ?



ನಮ್ಮ ಊರುಗಳಲ್ಲಿ ಒಬ್ಬಳಿಗೆ ಬೇನೆ ಶುರುವಾದರೆ ಓಣಿಯ ನಾಲ್ಕು ಹೆಣ್ಣುಮಕ್ಕಳು ಕೂಡುತ್ತಾರೆ. ಒಬ್ಬರು ಬೆನ್ನು ತಿಕ್ಕುತ್ತಾರೆ, ಒಬ್ಬರು ಗಂಟು ಕಟ್ಟುತ್ತಾರೆ, ಒಬ್ಬರು ಗಾಡಿಗೆ ಫೋನ್ ಮಾಡುತ್ತಾರೆ. ಇದು ನಮಗೆ ಯಾರೂ ಕಲಿಸಿದ್ದಲ್ಲ. ಆದರೆ ಒಳ್ಳೆಯ ಮನಸ್ಸೊಂದಿದ್ದರೆ ಸಾಕೇ? ಸಾಲದು. ಒಳ್ಳೆಯ ಮನಸ್ಸಿನಿಂದಲೇ ನಾವು ತಪ್ಪು ಮಾಡುವುದುಂಟು. ಆದ್ದರಿಂದ ಹೆರಿಗೆಯಲ್ಲಿ ಮತ್ತು ಬಾಣಂತನದಲ್ಲಿ ಜೊತೆಗಿರುವವಳು ಪಾಲಿಸಬೇಕಾದ ನಿಯಮಗಳನ್ನು ಈ ಪಾಠದಲ್ಲಿ ತಿಳಿದುಕೊಳ್ಳೋಣ.

1. ಸೂಲಗಿತ್ತಿಯಿಂದ ಜೊತೆಗಾತಿಯವರೆಗೆ

ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರ ಹೆಸರು ನೀವು ಕೇಳಿರಬೇಕು. ರೊಕ್ಕ ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು. ನಮ್ಮ ಊರುಗಳಲ್ಲಿಯೂ ಅಂಥ ಹಿರಿಯರಿದ್ದರು. ಆದರೆ ಕಾಲ ಬದಲಾಗಿದೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ಆಶಾ ಕಾರ್ಯಕರ್ತೆಯರು ಬಂದರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 65 ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-21ರ ಹೊತ್ತಿಗೆ ಅದು 97 ಆಯಿತು. ಇದರಿಂದ ಎಷ್ಟೋ ತಾಯಂದಿರ ಜೀವ ಉಳಿದಿದೆ.

ಆದರೆ ಸೂಲಗಿತ್ತಿಯ ಕೆಲಸದಲ್ಲಿ ಎರಡು ಪಾಲು ಇದ್ದವು. ಕೂಸನ್ನು ಹಿಡಿಯುವುದು ಒಂದು ಪಾಲು. ತಾಯಿಯ ಕೈ ಹಿಡಿಯುವುದು ಇನ್ನೊಂದು. ಮೊದಲನೆಯದು ಡಾಕ್ಟರು, ನರ್ಸುಗಳ ಕಡೆಗೆ ಹೋಯಿತು, ಅದು ಸರಿಯಾದದ್ದೇ. ಎರಡನೆಯದು ಎಷ್ಟೋ ಕಡೆ ಯಾರ ಪಾಲಿಗೂ ಬರದೆ ಹಾಗೇ ಉಳಿಯಿತು. ಹಲವು ದೇಶಗಳಲ್ಲಿ ಮತ್ತು ನಮ್ಮ ದೊಡ್ಡ ನಗರಗಳಲ್ಲಿ ಈ ಕೆಲಸಕ್ಕೆಂದೇ ತರಬೇತಿ ಪಡೆದ ಹೆಣ್ಣುಮಕ್ಕಳಿದ್ದಾರೆ. ಅವರಿಗೆ ‘ಡೂಲಾ’ ಎನ್ನುತ್ತಾರೆ. ಡೂಲಾ ಹೆರಿಗೆ ಮಾಡಿಸುವವಳಲ್ಲ, ಜೊತೆಗಿರುವವಳು.

ಬರೀ ಜೊತೆಗಿದ್ದರೆ ಏನಾಗುತ್ತದೆ ಎಂದು ಕೇಳಬಹುದು. 17 ದೇಶಗಳ 15,000ಕ್ಕೂ ಹೆಚ್ಚು ತಾಯಂದಿರ ಅಧ್ಯಯನಗಳನ್ನು 2017ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಬೇನೆಯ ಹೊತ್ತಿನಲ್ಲಿ ಒಬ್ಬಳು ಬಿಡದೆ ಜೊತೆಗಿದ್ದಲ್ಲಿ ಸಹಜ ಹೆರಿಗೆ ಹೆಚ್ಚಾಗಿತ್ತು, ಸಿಸೇರಿಯನ್ ಕಡಿಮೆಯಾಗಿತ್ತು, ಬೇನೆಯ ಅವಧಿಯೂ ಸ್ವಲ್ಪ ಕಡಿಮೆಯಾಗಿತ್ತು.

2. ಸರ್ಕಾರ ಏನು ಹೇಳುತ್ತದೆ?

ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಜೊತೆಗಾತಿ ಇರಬಹುದು ಎಂದು ಕೇಂದ್ರ ಸರ್ಕಾರ 2016ರಲ್ಲಿ ತಿಳಿಸಿದೆ. ಅದರ ನಿಯಮಗಳು ಇವು:

• ಜೊತೆಗಾತಿ ಸಂಬಂಧಿಕ ಹೆಣ್ಣುಮಗಳಾಗಿರಬೇಕು, ತಾನೂ ಹೆರಿಗೆಯ ಅನುಭವ ಇರುವವಳಾದರೆ ಒಳ್ಳೆಯದು. ಮರೆಯ ವ್ಯವಸ್ಥೆ ಸರಿಯಾಗಿದ್ದಲ್ಲಿ ಗಂಡನಿಗೂ ಅವಕಾಶ ಕೊಡಬಹುದು.
• ಅಂಟುರೋಗ ಇರಬಾರದು, ಬಟ್ಟೆ ಸ್ವಚ್ಛವಾಗಿರಬೇಕು.
• ಬೇನೆ ಮುಗಿಯುವವರೆಗೂ ಜೊತೆಗಿರಲು ಸಿದ್ಧಳಿರಬೇಕು.
• ಸಿಬ್ಬಂದಿಯ ಕೆಲಸದಲ್ಲಿ, ಚಿಕಿತ್ಸೆಯಲ್ಲಿ ಕೈ ಹಾಕಬಾರದು.
• ಅಲ್ಲಿರುವ ಬೇರೆ ಬಸುರಿಯರ ಆರೈಕೆಗೆ ಹೋಗಬಾರದು.

ಸಂಘದ ಅಕ್ಕ ಸಂಬಂಧಿಕಳಲ್ಲದಿದ್ದರೆ ಆಶಾ ಕಾರ್ಯಕರ್ತೆಯ ಮೂಲಕ ಆಸ್ಪತ್ರೆಯಲ್ಲಿ ಮೊದಲೇ ಕೇಳಿಕೊಳ್ಳಬೇಕು. ಬೇನೆಯ ಹೊತ್ತಿನಲ್ಲಿ ಬಾಗಿಲಲ್ಲಿ ನಿಂತು ವಾದ ಮಾಡುವುದು ಬೇಡ.

3. ಜೊತೆಗಾತಿ ಏನು ಮಾಡಬೇಕು?

ಮೊದಲೇ ತಯಾರಿ: ಎಂಟನೇ ತಿಂಗಳಲ್ಲೇ ಮನೆಯವರ ಜೊತೆ ಕೂತು ಯಾವ ಆಸ್ಪತ್ರೆ, ಯಾವ ಗಾಡಿ, ಯಾರ ರಕ್ತ ಎಂದು ಮಾತಾಡಬೇಕು. ತಾಯಿ ಕಾರ್ಡ್, ಮೆತ್ತನೆಯ ಹಳೇ ಸ್ವಚ್ಛ ಬಟ್ಟೆ ಒಂದೇ ಚೀಲದಲ್ಲಿರಲಿ. ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆಯವರಿಗೆ ಹೇಳಬೇಕಾಗಿಲ್ಲ, ಬೆಣ್ಣೆಹಳ್ಳ ಬಂತೆಂದರೆ ರಸ್ತೆ ಬಂದ್. ಎರಿ ಮಣ್ಣಿನ ದಾರಿಯಲ್ಲಿ ಗಾಲಿ ಹೂತರೆ 108 ಗಾಡಿಯೂ ಬರಲಾರದು. ಮಳೆಗಾಲದಲ್ಲಿ ದಿನ ತುಂಬಿದ್ದರೆ ಆಸ್ಪತ್ರೆ ಹತ್ತಿರದ ನೆಂಟರ ಮನೆಗೆ ಮುಂಚೆಯೇ ಹೋಗಿರುವುದು ಚೊಲೋ.

ಬೇನೆಯ ಹೊತ್ತಿನಲ್ಲಿ: ಸೊಂಟ, ಬೆನ್ನು ತಿಕ್ಕಬೇಕು. ನರ್ಸಮ್ಮನನ್ನು ಕೇಳಿ ಅಡ್ಡಾಡಿಸಬೇಕು, ನೀರು ಕುಡಿಸಬೇಕು. “ಹೆದರಬ್ಯಾಡವ್ವಾ, ನಾ ಇಲ್ಲೇ ಅದೀನಿ” ಎಂಬ ಮಾತು ಸಾಕು. “ನನ್ನ ಹೆರಿಗ್ಯಾಗ ಹಿಂಗಾತು, ಹಂಗಾತು” ಎಂಬ ಕಥೆ ಬೇಡವೇ ಬೇಡ.

ಯಾರಾದರೂ ಅವಳಿಗೆ ಜೋರು ಮಾಡಿದರೆ ಜಗಳ ತೆಗೆಯಬೇಡಿ. “ಮೇಡಮ್, ಆಕಿ ಭಾಳ ಹೆದರಿದಾಳ್ರಿ, ಸ್ವಲ್ಪ ತಿಳಿಸಿ ಹೇಳ್ರಿ” ಎನ್ನಿ. ದೂರು ಕೊಡಬೇಕೆಂದರೆ ಹೆರಿಗೆ ಮುಗಿದ ಮೇಲೆ ಅವಳನ್ನು ಕೇಳಿ ಕೊಡಬಹುದು.

4. ಏನು ಮಾಡಬಾರದು?

• ಹೊಟ್ಟೆ ಒತ್ತಬಾರದು, ಒಳಗೆ ಕೈ ಹಾಕಿ ನೋಡಬಾರದು.
• ಬೇನೆ ಜೋರಾಗಲಿ ಎಂದು ಮನೆಯಲ್ಲಿ ಸೂಜಿ ಮಾಡಿಸಬಾರದು. ಇದರಿಂದ ಗರ್ಭಕೋಶ ಹರಿಯಬಹುದು, ಕೂಸಿಗೆ ಉಸಿರು ಕಟ್ಟಬಹುದು.
• “ಇನ್ನೂ ಹೊತ್ತೈತಿ, ನಾಳೆ ಹೋಗೋಣ” ಎಂದು ನಾವು ತೀರ್ಮಾನ ಮಾಡಬಾರದು.
• ಅವಳ ಪರವಾಗಿ ನಾವು “ಹೂಂ” ಅನ್ನಬಾರದು. ಆಪರೇಷನ್ ಇರಲಿ, ಕಾಪರ್-ಟಿ ಇರಲಿ, ತಿಳಿಸಿ ಹೇಳುವುದು ಡಾಕ್ಟರ ಕೆಲಸ, ಒಪ್ಪುವುದು ಬಿಡುವುದು ಅವಳ ಹಕ್ಕು. ಅವಳಿಗೆ ತಿಳಿಯದಿದ್ದರೆ ಇನ್ನೊಮ್ಮೆ ಹೇಳಿರೆಂದು ಕೇಳುವುದು ಮಾತ್ರ ನಮ್ಮ ಕೆಲಸ.
• ಹೆಣ್ಣು ಕೂಸು ಹುಟ್ಟಿದರೆ ಮುಖ ಸಪ್ಪಗೆ ಮಾಡಬಾರದು. ತಾಯಿ ಮೊದಲು ನೋಡುವುದು ನಮ್ಮ ಮುಖವನ್ನು.

5. ಗುಟ್ಟು ಕಾಯುವುದು

ಇದನ್ನು ನನ್ನ ತಪ್ಪಿನಿಂದಲೇ ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ ಒಬ್ಬ ತಂಗಿಯ ಜೊತೆ ನಾನು ಆಸ್ಪತ್ರೆಗೆ ಹೋಗಿದ್ದೆ. ಬೇನೆಯ ನಡುವೆ ನನ್ನ ಕೈ ಹಿಡಿದು ಒಂದು ಮಾತು ಹೇಳಿದಳು. ಆಮೇಲೆ ಒಂದು ಸಂಘದ ಸಭೆಯಲ್ಲಿ, ಬೇರೆಯವರಿಗೆ ಪಾಠವಾಗಲಿ ಎಂದು, ಹೆಸರು ಹೇಳದೆ ಆ ಮಾತನ್ನು ಉದಾಹರಣೆ ಕೊಟ್ಟೆ. ಊರು ಸಣ್ಣದು. ಆ ತಿಂಗಳು ಹಡೆದವಳು ಅವಳೊಬ್ಬಳೇ. ಸಂಜೆಯೊಳಗೆ ಮಾತು ಅವಳ ಅತ್ತೆಯ ಕಿವಿಗೆ ಬಿತ್ತು. ಮುಂದಿನ ವಾರದಿಂದ ಅವಳು ಸಂಘಕ್ಕೆ ಬರಲಿಲ್ಲ. ನಾನು ಮನೆಗೆ ಹೋಗಿ ಕ್ಷಮೆ ಕೇಳಿದೆ. “ಇರಲಿ ಬಿಡ್ರಿ ಸಿಸ್ಟರ್” ಅಂದಳು, ಆದರೆ ತಲೆ ಎತ್ತಿ ನನ್ನನ್ನು ನೋಡಲಿಲ್ಲ. ಅವಳು ಹೇಳಿದ ಮಾತು ಏನೆಂದು ಇಲ್ಲಿಯೂ ಬರೆಯುವುದಿಲ್ಲ. ಅದು ನನ್ನದಲ್ಲ, ಅವಳದು.

ಹೆಸರು ಬಿಟ್ಟರೂ ಗುಟ್ಟು ಗುಟ್ಟೇ. ಕೆಲವು ಗುಟ್ಟುಗಳನ್ನು ಡಾಕ್ಟರಿಗೆ ಹೇಳದಿದ್ದರೆ ಜೀವಕ್ಕೆ ಅಪಾಯ. ಹಿಂದಿನ ಆಪರೇಷನ್, ಫಿಟ್ಸ್, ತೆಗೆದುಕೊಳ್ಳುತ್ತಿರುವ ಗುಳಿಗೆ ಇಂಥವು. ಆಗ “ಇದನ್ನ ಡಾಕ್ಟರಿಗೆ ಹೇಳಬೇಕವ್ವಾ. ನೀ ಹೇಳ್ತೀಯೋ, ನಾ ಹೇಳಲೋ?” ಎಂದು ಅವಳನ್ನೇ ಕೇಳಿ. ಡಾಕ್ಟರು, ನರ್ಸು ಬಿಟ್ಟು ಮೂರನೆಯವರಿಗೆ ಹೇಳಬೇಡಿ. ಗಂಡನಿಗೆ, ಅತ್ತೆಗೆ ಹೇಳುವುದೂ ಬಿಡುವುದೂ ಅವಳಿಗೆ ಬಿಟ್ಟದ್ದು.

6. ಬಾಣಂತನದಲ್ಲಿ

ಸಹಜ ಹೆರಿಗೆಯಾದರೂ 48 ತಾಸು ಆಸ್ಪತ್ರೆಯಲ್ಲಿರಬೇಕು. ಮೊದಲ 24 ತಾಸಿನಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು. ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬಂದು ನೋಡಬೇಕು. ಬಾರದಿದ್ದರೆ ಕರೆಯಿರಿ.

ನಮ್ಮ ಪದ್ಧತಿಗಳಲ್ಲಿ ಒಳ್ಳೆಯದನ್ನು ಉಳಿಸಿಕೊಳ್ಳೋಣ. ಎಣ್ಣೆ-ನೀರು, ಅಂಟಿನ ಉಂಡಿ, ಅಳವಿ ಪಾಯಸ, ವಿಶ್ರಾಂತಿ ಎಲ್ಲ ಚೊಲೋ. ಆದರೆ ಬಾಣಂತಿಗೆ ನೀರು ಕಡಿಮೆ ಕೊಡುವುದು ತಪ್ಪು. ಹೊರಸಿನ ಕೆಳಗೆ ಕೆಂಡ ಇಟ್ಟು ಕೋಣೆ ಮುಚ್ಚಿದರೆ ತಾಯಿ, ಕೂಸು ಇಬ್ಬರಿಗೂ ಹೊಗೆ. ಮೊದಲ ಹಳದಿ ಹಾಲು ಚೆಲ್ಲಬಾರದು. ಹುಟ್ಟಿದ ಒಂದು ತಾಸಿನೊಳಗೆ ಎದೆಗೆ ಹಚ್ಚಬೇಕು. ಜೇನುತುಪ್ಪ, ಬೆಲ್ಲದ ನೀರು, ಹರಳೆಣ್ಣೆ ಕೂಸಿನ ಬಾಯಿಗೆ ಬೇಡ. ಹೊಕ್ಕುಳಿಗೆ ಏನೂ ಹಚ್ಚಬೇಡಿ.

ಇವು ಕಂಡರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ:

• ತಾಯಿಗೆ: ಒಂದು ತಾಸಿನೊಳಗೆ ಬಟ್ಟೆ ಪೂರ್ತಿ ತೊಯ್ಯುವಷ್ಟು ರಕ್ತ, ಫಿಟ್ಸ್, ಜೋರು ತಲೆನೋವು, ಕಣ್ಣು ಮಂಜು, ಜ್ವರ, ವಾಸನೆಯ ಸ್ರಾವ, ಉಸಿರಾಟಕ್ಕೆ ತ್ರಾಸ.
• ಕೂಸಿಗೆ: ಹಾಲು ಚೀಪದಿರುವುದು, ಮೈ ತಣ್ಣಗಾಗುವುದು ಅಥವಾ ಸುಡುವುದು, ಜೋರು ಉಸಿರು, ಅಂಗೈ-ಅಂಗಾಲು ಹಳದಿ, ಹೊಕ್ಕುಳ ಸುತ್ತ ಕೆಂಪು.

ಮನಸ್ಸನ್ನೂ ನೋಡಬೇಕು. ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಕೂಸನ್ನು ಎತ್ತಿಕೊಳ್ಳಲು ಮನಸ್ಸಾಗದಿದ್ದರೆ, “ನಾ ಇರಬಾರದಿತ್ತು” ಎಂದರೆ ಗಾಳಿ ಸೋಕಿದೆ ಎನ್ನಬೇಡಿ. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಅವಳನ್ನು ಒಬ್ಬಳೇ ಬಿಡಬೇಡಿ, ಡಾಕ್ಟರಿಗೆ ತೋರಿಸಿ. ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಉಚಿತವಾಗಿ ಮಾತಾಡಬಹುದು.

7. ರೊಕ್ಕದ ಮಾತು

ಎಣ್ಣೆ-ನೀರು ಹಾಕುವ, ಬಾಣಂತನ ಮಾಡುವ ಅಕ್ಕಂದಿರು ಕೂಲಿ ಕೇಳುವುದರಲ್ಲಿ ತಪ್ಪಿಲ್ಲ, ಅದು ದುಡಿಮೆ. ಆದರೆ ಎಷ್ಟು ದಿನ, ಏನೇನು ಕೆಲಸ, ಎಷ್ಟು ರೊಕ್ಕ ಎಂಬುದು ಮೊದಲೇ ಮಾತಾಗಿರಲಿ. ಗಂಡು ಹುಟ್ಟಿದರೆ ಒಂದು ದರ, ಹೆಣ್ಣಾದರೆ ಇನ್ನೊಂದು ದರ ಬೇಡ. ಬಸುರಿಯನ್ನು ಕರೆತಂದದ್ದಕ್ಕೆ ಯಾವ ದವಾಖಾನೆಯಿಂದಲೂ ಕಮಿಷನ್ ತೆಗೆದುಕೊಳ್ಳಬಾರದು. ತೆಗೆದುಕೊಂಡ ದಿನ ನಾವು ತಾಯಿಯ ಜೊತೆಗಾತಿಯಾಗಿ ಉಳಿಯುವುದಿಲ್ಲ.

ಸಂಘದಲ್ಲಿ ಚರ್ಚಿಸಿ

1. ಈ ತಿಂಗಳು, ಮುಂದಿನ ತಿಂಗಳು ದಿನ ತುಂಬುವವರು ನಮ್ಮ ಓಣಿಯಲ್ಲಿ ಯಾರಿದ್ದಾರೆ? ಅವರ ಜೊತೆ ಯಾರು ಹೋಗಬೇಕೆಂದು ಅವರನ್ನೇ ಕೇಳಿದ್ದೇವೆಯೇ?
2. ರಾತ್ರಿ ಹಳ್ಳ ಬಂದರೆ ನಮ್ಮೂರಿನಿಂದ ಹೋಗುವ ದಾರಿ ಯಾವುದು? ಗಾಡಿ ಯಾರದು? ತುರ್ತಿಗೆ ಸಂಘದಿಂದ ಎಷ್ಟು ಸಾಲ ಕೊಡಬಹುದು?
3. ನಮ್ಮಲ್ಲಿ ಜೊತೆಗಾತಿಯಾಗಲು ಸಿದ್ಧರಿರುವ ಇಬ್ಬರು ಯಾರು? ನಿರ್ಣಯ ಪುಸ್ತಕದಲ್ಲಿ ಅವರ ಹೆಸರು ಬರೆಯಿರಿ. “ಕಂಡದ್ದನ್ನು, ಕೇಳಿದ್ದನ್ನು ಹೊರಗೆ ಆಡುವುದಿಲ್ಲ” ಎಂಬ ಮಾತನ್ನು ಅದರ ಕೆಳಗೆ ಬರೆದು ಅವರ ಸಹಿ ಮಾಡಿಸಿರಿ.